ಬೆಕ್ಕಿಗಾಗದ ಕಣಗಿಲೆ

ಮಂಗಳಾಗೌರಿಗೆ ಬೆಕ್ಕಿನ ಮೇಲೆ ಹಗೆಯೂ ಇರಲಿಲ್ಲ, ಒಲವೂ ಇರಲಿಲ್ಲ. ಹರಿಹರದ ಕಡೆ ಅವಳ ತವರಿನಲ್ಲಿ ಬೆಕ್ಕು ಅಂದರೆ ಅಟ್ಟದ ಮೇಲೆ ಇಲಿ ಹಿಡಿಯೋದಕ್ಕೆ ಇದ್ದ ಒಂದು ಆಳು. ಅದಕ್ಕೆ ಹೆಸರಿಲ್ಲ, ಹಾಸಿಗೆ ಇಲ್ಲ, ಬಂದರೆ ಬಾ ಅನ್ನೋರಿಲ್ಲ, ಹೋದರೆ ಹುಡುಕೋರಿಲ್ಲ. ಅಂಥ ಮನೆಯಿಂದ ಬಂದವಳು ಅರವತ್ತು ದಾಟಿದ ಮೇಲೆ, ವಿಶಾಖಪಟ್ಟಣದ ಗಾಜುವಾಕದಲ್ಲಿ, ಒಂದು ಬೆಕ್ಕಿನ ಒಪ್ಪಿಗೆಗಾಗಿ ಕೈತೋಟವನ್ನೇ ಬುಡಮೇಲು ಮಾಡಿದಳು.

ಅವಳ ಗಂಡ ಶಂಕರಪ್ಪ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ ಮ್ಯಾನೇಜರನಾಗಿ ನಿವೃತ್ತನಾದವನು. ದಾವಣಗೆರೆಯಲ್ಲಿ ಎತ್ತಿಕೊಂಡ ಬ್ಯಾಂಕು ಅವನನ್ನು ಅಲ್ಲಿಷ್ಟು ದಿನ ಇಲ್ಲಿಷ್ಟು ದಿನ ಇಟ್ಟು, ವಿಜಯವಾಡದಲ್ಲಿ ಬಹುಕಾಲ ಕೂರಿಸಿ, ಕೊನೆಗೆ ಗಾಜುವಾಕದಲ್ಲಿ ಕೊರಳಿಗೆ ಹಾರ ಹಾಕಿ ಕೈಬಿಟ್ಟಿತು. ಒಬ್ಬಳೇ ಮಗಳು ಲಾವಣ್ಯಾ ನೌಕಾದಳದ ಸಾಯಿತೇಜನನ್ನು ಮೆಚ್ಚಿ ಮದುವೆಯಾಗಿ ಇದೇ ಊರಲ್ಲಿ ನಿಂತದ್ದರಿಂದ ಇವರೂ ಇಲ್ಲೇ ಉಳಿದರು. ನೆಲಮಹಡಿಯ ಬಾಡಿಗೆ ಮನೆ. ಮುಂದೆ ಎರಡು ಮಂಚ ಹಾಕುವಷ್ಟು ಮಣ್ಣಿನ ಜಾಗ.

ಆ ಜಾಗದ ಯಜಮಾನಿಕೆ ಒಂದು ಕಣಗಿಲೆ ಗಿಡದ್ದು. ಮಂಗಳಾಗೌರಿಯ ತಾಯಿ ಹಿತ್ತಲಿನ ಕಣಗಿಲೆಯಿಂದ ಒಂದು ಕಡ್ಡಿ ಮುರಿದು, ಒದ್ದೆ ಬಟ್ಟೆ ಸುತ್ತಿ, ಹೊಸ ಸಂಸಾರಕ್ಕೆ ಹೊರಟ ಮಗಳ ಕೈಗೆ ಕೊಟ್ಟಿದ್ದಳು. ಆಮೇಲೆ ಪ್ರತಿ ವರ್ಗಾವಣೆಗೂ ಇವಳು ಹಳೆಯ ಗಿಡದಿಂದ ಒಂದು ಕಡ್ಡಿ ಮುರಿದುಕೊಂಡೇ ಊರು ಬಿಟ್ಟಳು. ಪಾತ್ರೆ, ಬೀರು, ಮಂಚ ಲಾರಿಯಲ್ಲಿ ಬಂದರೆ, ಕಡ್ಡಿ ನೆಟ್ಟ ಡಬ್ಬಿ ರೈಲಿನಲ್ಲಿ ಅವಳ ತೊಡೆಯ ಮೇಲೆ ಬರುತ್ತಿತ್ತು. ಶಂಕರಪ್ಪ ಹೋದಲ್ಲೆಲ್ಲ ವಸೂಲಾಗದ ಸಾಲ ಬಿಟ್ಟು ಬಂದ, ಅವಳು ಒಂದೊಂದು ಕಣಗಿಲೆ ಬಿಟ್ಟು ಬಂದಳು ಅಂತ ಬ್ಯಾಂಕಿನವರೇ ನಗುತ್ತಿದ್ದರು. ಬೆಳಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತಾಗ ಲಿಂಗದ ಮೇಲೆ ಆ ಗುಲಾಬಿ ಬಣ್ಣದ ಹೂವು ಏರಿದರೇನೇ ಅವಳಿಗೆ ಪೂಜೆ ಆಯಿತು ಅನ್ನಿಸುವುದು. ಸುತ್ತ ನಂದಿಬಟ್ಟಲು, ಎಕ್ಕ, ನಿತ್ಯಪುಷ್ಪ, ಸೇವಂತಿಗೆ, ಒಂದಿಷ್ಟು ತುಳಸಿ. ಎಲ್ಲ ದೇವರ ಗಿಡಗಳೇ. ಅಲ್ಲಿದ್ದ ಒಂದೇ ಒಂದು ಲೌಕಿಕದ ಗಿಡ ಅಂದರೆ ಶಂಕರಪ್ಪನ ಮನಿ ಪ್ಲಾಂಟು. ಬೀಳ್ಕೊಡುಗೆಯ ದಿನ ಶಾಖೆಯವರು ಅವನಿಗೆ ಪಿಂಗಾಣಿ ಕುಂಡದ ಸಮೇತ ಕೊಟ್ಟದ್ದು.

ಹೀಗಿರುವಾಗ ಲಾವಣ್ಯಾ ಬಸುರಿಯಾದಳು. ಸಾಯಿತೇಜನ ಹಡಗು ಸಮುದ್ರಕ್ಕೆ ಹೊರಟಿತು. ಒಬ್ಬಳೇ ಕ್ವಾರ್ಟರ್ಸಿನಲ್ಲಿ ಇರಬಾರದು ಅಂತ ಅತ್ತೆ ಹಿಮಬಿಂದು ವಿಜಯವಾಡದಿಂದ ಬಂದು, ಸೊಸೆಯನ್ನೂ ಸೊಸೆಯ ಬೆಕ್ಕನ್ನೂ ಗವರ್ನರ್‌ಪೇಟೆಯ ತನ್ನ ಮೂರನೇ ಮಹಡಿಯ ಮನೆಗೆ ಕರೆದುಕೊಂಡು ಹೋದಳು. ಏಳನೇ ತಿಂಗಳಿಗೆ ತವರಿಗೆ ಬರುವುದು ಅಂತ ಮಾತಾಗಿತ್ತು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಅದಕ್ಕೆ ಯಾರ ಸಹಿಯೂ ಬೇಕಾಗಿಲ್ಲ ಅಂತ ಮಂಗಳಾಗೌರಿ ತಿಳಿದಿದ್ದಳು.

ಸಹಿ ಬೇಕಾಗಿತ್ತು. ಒಂದು ದಿನ ಲಾವಣ್ಯಾ ಫೋನ್ ಮಾಡಿದಳು.

"ಅಮ್ಮಾ, ನಾನು ಬರ್ತೀನಿ. ಪುಳಿಹೋರನೂ ಬರ್ತಾನೆ."

ಪುಳಿಹೋರ ಅಂದರೆ ಆ ಬೆಕ್ಕು. ಹಳದಿ ಮೈ, ಅಲ್ಲಲ್ಲಿ ಒಗ್ಗರಣೆ ಸೀದ ಹಾಗೆ ಕಂದು ಚುಕ್ಕೆ. ತೆಲುಗರ ಊಟದ ಹೆಸರನ್ನು ಬೆಕ್ಕಿಗಿಟ್ಟದ್ದು ಅಳಿಯ. ಶಂಕರಪ್ಪ ಮಾತ್ರ ಅದನ್ನು ಚಿತ್ರಾನ್ನ ಅಂತಲೇ ಕರೆಯುತ್ತಿದ್ದ. ಅದು ಯಾವ ಭಾಷೆಗೂ ತಿರುಗಿ ನೋಡುತ್ತಿರಲಿಲ್ಲ.

"ಬರಲಿ ಬಿಡವ್ವ. ಒಂದು ಬಟ್ಟಲು ಹಾಲು ಇಟ್ಟರಾಯ್ತಲ್ಲ."

"ಹಾಲು ಹಾಕಬಾರದಮ್ಮಾ. ಬೆಕ್ಕಿಗೆ ಹಾಲು ಆಗಲ್ಲ."

ಬೆಕ್ಕಿಗೆ ಹಾಲು ಆಗುವುದಿಲ್ಲ ಅನ್ನುವ ಮಾತನ್ನು ಮಂಗಳಾಗೌರಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೂ ಹ್ಞೂಂ ಅಂದಳು. ಬಸುರಿ ಮಗಳು ಹಗಲನ್ನು ಇರುಳು ಅಂದರೂ ಹ್ಞೂಂ ಅನ್ನಬೇಕು.

"ಅದಲ್ಲ ಮುಖ್ಯ. ನಿನ್ನ ತೋಟದ ಗಿಡ ಎಲ್ಲಾ ಬೆಕ್ಕಿಗೆ ವಿಷ. ಕಣಗಿಲೆ ಅಂತೂ ಒಂದೆಲೆ ತಿಂದರೂ ಎದೆಬಡಿತ ನಿಂತುಹೋಗುತ್ತಂತೆ. ನಂದಿಬಟ್ಟಲು, ಎಕ್ಕ, ನಿತ್ಯಪುಷ್ಪ, ಒಂದೂ ಆಗಲ್ಲ. ಅಪ್ಪಾಜಿಯ ಮನಿ ಪ್ಲಾಂಟೂ ಆಗಲ್ಲ. ಎಲ್ಲ ತೆಗೆದು ಬೆಕ್ಕಿಗೆ ಆಗೋ ಗಿಡ ಹಾಕಿದರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ. ಅತ್ತೆ ಮನೇಲಿ ಎಲ್ಲಾ ಪ್ಲಾಸ್ಟಿಕ್ ಗಿಡ, ಪ್ರಾಬ್ಲಮ್ಮೇ ಲೇದು."

ಮಂಗಳಾಗೌರಿ ಫೋನ್ ಇಟ್ಟು ತೋಟಕ್ಕೆ ಬಂದು ಕಣಗಿಲೆಯ ಮುಂದೆ ನಿಂತಳು. ವಿಷ ಕುಡಿದ ದೇವರಿಗೆ ವಿಷದ ಹೂವೇ ಇಷ್ಟ ಅಂದರೆ ಅದು ಆ ದೇವರ ಗಟ್ಟಿತನ, ಬೆಕ್ಕಿಗೆ ಆ ಗಟ್ಟಿತನ ಇಲ್ಲ, ಸರಿ. ಆದರೆ ಊರಿನವರು ಕೇಳಿದರೆ ಏನು ಹೇಳುವುದು? ಚೊಚ್ಚಲ ಬಾಣಂತನ ಬೀಗ್ತಿ ಮನೆಯಲ್ಲಿ ಯಾಕಾಯ್ತು ಅಂದರೆ, ನಮ್ಮ ಮನೇಲಿ ಕಣಗಿಲೆ ಇತ್ತು ಅನ್ನಬೇಕೆ?

ಶಂಕರಪ್ಪ ಮಾತ್ರ ಹುರುಪಾದ. ನಿವೃತ್ತನಾದ ಮೇಲೆ ಅವನಿಗೆ ಸಿಕ್ಕ ಮೊದಲ ಕೆಲಸ ಇದು. ಕನ್ನಡಕ ಏರಿಸಿ, ಸೀಮೆಸುಣ್ಣ ಹಿಡಿದು ತೋಟಕ್ಕಿಳಿದ. ಬ್ಯಾಂಕಿನಲ್ಲಿ ಸಾಲಗಳನ್ನು ಮೂರು ಬಗೆ ಮಾಡುವ ಹಾಗೆ, ಗಿಡಗಳನ್ನೂ ಮಾಡಿದ: ವಾಪಸ್ ಬರುವ ಸಾಲ, ಅನುಮಾನದ ಸಾಲ, ಮುಳುಗಿದ ಸಾಲ. ತುಳಸಿಯ ಕುಂಡದ ಮೇಲೆ ಮೊದಲನೆಯ ಗುರುತು ಬಿತ್ತು. ಪಕ್ಕದ ಮನೆಯವರು ಕೊಟ್ಟಿದ್ದ ಸೇವಂತಿಗೆಯ ಮೇಲೆ ಅನುಮಾನದ ಗುರುತು. ಮಿಕ್ಕ ದೇವರ ಗಿಡಗಳೆಲ್ಲ ಒಟ್ಟಿಗೆ ಮುಳುಗಿದವು.

"ನಿಮ್ಮ ಮನಿ ಪ್ಲಾಂಟಿಗೆ ಯಾಕ್ರೀ ಒಳ್ಳೇ ಗುರುತು?" ಮಂಗಳಾಗೌರಿ ಕೇಳಿದಳು. "ಅದೂ ಆಗಲ್ಲ ಅಂತ ಮಗಳು ಹೇಳ್ಯಾಳೆ."

"ಲೇ, ಅದು ಬ್ಯಾಂಕಿನವರು ಕೊಟ್ಟಿದ್ದು."

"ಬ್ಯಾಂಕಿನವರು ಕೊಟ್ಟರೆ ವಿಷ ಇಳಿದು ಹೋಗ್ತದಾ?"

ಶಂಕರಪ್ಪ ಗುರುತು ಒರೆಸಿ, ಬೇರೆ ಹಾಕದೆ, ಹಾಗೇ ಮುಂದಕ್ಕೆ ಹೋದ.

ಆಮೇಲೆ ಇಬ್ಬರೂ ಆಟೋದಲ್ಲಿ ನರ್ಸರಿಗೆ ಹೋದರು. ಅಲ್ಲಿದ್ದವನಿಗೆ ಶಂಕರಪ್ಪ ತನ್ನ ತೆಲುಗಿನಲ್ಲಿ, ಬೆಕ್ಕಿಗಾಗಿ ಗಿಡ ಬೇಕು ಅಂದ. ಅವನು ತಲೆಯಾಡಿಸಿ, ಮುಳ್ಳಿನ ಗಿಡಗಳ ಕಡೆಗೆ ಕರೆದುಕೊಂಡು ಹೋದ. ಇದನ್ನು ಬೇಲಿಗೆ ಹಾಕಿದರೆ ಒಂದು ಬೆಕ್ಕೂ ಒಳಗೆ ಬರಲ್ಲ ಸಾರ್ ಅಂದ.

"ಬೆಕ್ಕು ಬಾರದ ಹಾಗೆ ಅಲ್ಲಪ್ಪಾ. ಬೆಕ್ಕು ಬಂದು ತಿಂದರೂ ಅದಕ್ಕೇನೂ ಆಗಬಾರದು, ಅಂಥದ್ದು."

ನರ್ಸರಿಯವನು ಒಂದು ಸಲ ಶಂಕರಪ್ಪನನ್ನು, ಒಂದು ಸಲ ಮಂಗಳಾಗೌರಿಯನ್ನು ನೋಡಿದ. "ಅಂದರೆ ಬೆಕ್ಕು ತಿನ್ನೋದಕ್ಕೇ ಗಿಡ ತಗೊಳ್ತೀರಾ?" ಅಂದ. ಹೌದು ಅಂದ ಕೂಡಲೇ ಅವನ ಅಂಗಡಿಯಲ್ಲಿದ್ದ ಅಷ್ಟೂ ಗಿಡ ಬೆಕ್ಕಿಗೆ ಅಮೃತವಾಗಿಬಿಟ್ಟವು. ಲಿಲ್ಲಿ ಹೂವಿನ ಕುಂಡ ಎತ್ತಿಕೊಂಡು, "ಇದನ್ನ ತಗೊಳ್ಳಿ, ಬೆಕ್ಕಿಗೆ ಪ್ರಾಣ" ಅಂದ. ಲಿಲ್ಲಿಯ ಪುಡಿ ಮೈಗೆ ಸೋಕಿ, ಅದನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಹೋಗುತ್ತದೆ ಅಂತ ಲಾವಣ್ಯಾ ಹೇಳಿದ್ದಳು. ಮಂಗಳಾಗೌರಿ ಒಂದೊಂದು ಗಿಡಕ್ಕೂ ಮಗಳಿಗೆ ಫೋನ್ ಹಚ್ಚಿ, ಎಲೆ ಹೀಗಿದೆ, ಹೂ ಹೀಗಿದೆ, ಮುರಿದರೆ ಹಾಲು ಬರುತ್ತೋ ಇಲ್ಲವೋ ಅಂತ ವಿವರ ಹೇಳಿ, ಅವಳು ಹ್ಞೂಂ ಅಂದದ್ದನ್ನು ಮಾತ್ರ ಆಟೋಗೆ ಹತ್ತಿಸಿದಳು. ಗುಲಾಬಿ, ದಾಸವಾಳ, ಮಲ್ಲಿಗೆ, ಅರೇಕಾ ಪಾಮ್, ಉದ್ದುದ್ದ ಪಟ್ಟೆ ಎಲೆಯ ಸ್ಪೈಡರ್ ಪ್ಲಾಂಟು. ಬೆಕ್ಕು ಮೇಯಲಿ ಅಂತ ಒಂದು ಅಗಲ ಬುಟ್ಟಿ ಗರಿಕೆ ಹುಲ್ಲು.

ಅತ್ತ ಹಿಮಬಿಂದುವೂ ಸುಮ್ಮನಿರಲಿಲ್ಲ. ಒನ್ ಟೌನಿನ ಹೋಲ್‌ಸೇಲ್ ಅಂಗಡಿಗಳಿಗೆ ಹೋಗಿ, ಬಾಲ್ಕನಿ ತುಂಬ ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಪ್ಲಾಸ್ಟಿಕ್ ಬಾಳೆ, ಪ್ಲಾಸ್ಟಿಕ್ ಬೊಂಬು ತಂದು ನಿಲ್ಲಿಸಿ, ಮಧ್ಯೆ ಬೆಕ್ಕನ್ನು ಕೂರಿಸಿ, ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದಳು. ಕೆಳಗೆ ಬರೆದಿದ್ದಳು: ನೀರು ಬೇಡ, ಗೊಬ್ಬರ ಬೇಡ, ಭಯ ಬೇಡ. ಮಂಗಳಾಗೌರಿ ಅದಕ್ಕೆ ಕೈಮುಗಿದ ಚಿತ್ರ ಕಳಿಸಿ, ಫೋನನ್ನು ಬೋರಲು ಹಾಕಿದಳು.

ಕೊನೆಗೆ, ಬರುವ ಭಾನುವಾರ ಲಾವಣ್ಯಾ ಬೆಕ್ಕಿನ ಜೊತೆ ಬಂದು ನೋಡುವುದು, ಬೆಕ್ಕು ಹೊಂದಿಕೊಂಡರೆ ಉಳಿಯುವುದು, ಇಲ್ಲವಾದರೆ ಬಂದ ಕಾರಿನಲ್ಲೇ ವಾಪಸ್ಸು ಅಂತ ತೀರ್ಮಾನವಾಯಿತು. ಜೊತೆಗೆ ಹಿಮಬಿಂದುವೂ ಬರುತ್ತಾಳೆ.

"ಇದು ಇನ್‌ಸ್ಪೆಕ್ಷನ್ನು," ಅಂದ ಶಂಕರಪ್ಪ.

ನಂದಿಬಟ್ಟಲು, ಎಕ್ಕ, ನಿತ್ಯಪುಷ್ಪ, ಸೇವಂತಿಗೆ ಪಕ್ಕದ ಮನೆಗಳಿಗೆ ಹೋದವು. ಉಳಿದದ್ದು ಕಣಗಿಲೆ. ಅದನ್ನು ಆಗಲೇ ನೆಲದಿಂದ ಎಬ್ಬಿಸಿ ದೊಡ್ಡ ಕುಂಡಕ್ಕೆ ಹಾಕಿಯಾಗಿತ್ತು. ಕೊಡೋಣ ಅಂತ ಮಂಗಳಾಗೌರಿ ಮೂರು ಮನೆಯ ಬಾಗಿಲಿನ ತನಕ ಹೋಗಿ, ಮಾತಾಡಿಸಿ, ಗಿಡದ ಸುದ್ದಿ ಎತ್ತದೆ ತಿರುಗಿ ಬಂದಳು.

ಶಂಕರಪ್ಪ ಅವಳ ಮುಖ ನೋಡಿ ದನಿ ತಗ್ಗಿಸಿದ. "ಲೇ, ಒಂದು ಮಾತು ಕೇಳು. ಇನ್‌ಸ್ಪೆಕ್ಟರ್ ಬರೋ ದಿನ ನಾವೇನು ಮಾಡ್ತಿದ್ವಿ? ತೋರಿಸಬಾರದ್ದನ್ನ ಸ್ಟೇಷನರಿ ರೂಮಿಗೆ ಹಾಕಿ ಬೀಗ ಜಡೀತಿದ್ವಿ. ಅವನು ಕಾಫಿ ಕುಡಿದು, ಸಹಿ ಹಾಕಿ, ರೈಲು ಹತ್ತಿದ ಮೇಲೆ ತೆಗೀತಿದ್ವಿ. ಹಿಂದಿನ ಬಚ್ಚಲುಮನೆ ಖಾಲಿ ಐತಲ್ಲ."

"ಮಗಳಿಗೆ ಸುಳ್ಳು ಹೇಳೋದಾ?"

"ಸುಳ್ಳಲ್ಲ. ಕೇಳಿದರೆ ಮಾತ್ರ ಕೊಟ್ಟುಬಿಟ್ವಿ ಅನ್ನೋದು. ಬೀಗ್ತಿ ಹೋಗಲಿ, ಬೆಕ್ಕು ಒಗ್ಗಿಕೊಳ್ಳಲಿ. ಆಮೇಲೆ ತಾರಸಿಗೆ ಹತ್ತಿಸೋಣ."

 ಮಂಗಳಾಗೌರಿ ಕುಂಡದ ಒಂದು ಬದಿ ಹಿಡಿದಳು. ಒಳಗಿಟ್ಟು ತಿರುಗುವಷ್ಟರಲ್ಲಿ ಶಂಕರಪ್ಪ ತನ್ನ ಮನಿ ಪ್ಲಾಂಟನ್ನೂ ಎದೆಗವಚಿಕೊಂಡು ತಂದ. ಬಚ್ಚಲಿನ ಬಾಗಿಲಿಗೆ ಬೀಗ ಇರಲಿಲ್ಲ, ಚಿಲಕ ಇತ್ತು. ಸಾಕು ಅಂದ.

ಭಾನುವಾರ ಮಧ್ಯಾಹ್ನ ಕಾರು ಬಂತು. ಹಿಮಬಿಂದು ಇಳಿದು, "ವದಿನಗಾರೂ, ಬಾಗುನ್ನಾರಾ?" ಅಂತ ಅತ್ತಿಗೆಯನ್ನು ಮಾತಾಡಿಸುವ ಹಾಗೆ ಕ್ಷೇಮ ಕೇಳಿ ಅಪ್ಪಿಕೊಂಡು, ಒಂದು ಪ್ಲಾಸ್ಟಿಕ್ ಮಲ್ಲಿಗೆ ಮಾಲೆ ಕೈಗಿಟ್ಟಳು. ಬಾಡೋದಿಲ್ಲ, ದೇವರಿಗೆ ಹಾಕಿಬಿಡಿ ಅಂದಳು. ಲಾವಣ್ಯಾಳ ಹೊಟ್ಟೆ ಎದ್ದು ಕಾಣುತ್ತಿತ್ತು. ತೋಟ ನೋಡಿ ಅವಳ ಕಣ್ಣು ಅರಳಿದವು.

"ಅಮ್ಮಾ! ಎಲ್ಲಾ ತೆಗೆದುಬಿಟ್ಯಾ? ಕಣಗಿಲೆ ಕೂಡ?"

"ಕೊಟ್ಟುಬಿಟ್ಟೆ ಕಣವ್ವ," ಅಂದಳು ಮಂಗಳಾಗೌರಿ. ಅಂದ ಮೇಲೆ ನಾಲಿಗೆಯ ಮೇಲೆ ಕಹಿ ಎಲೆ ಇಟ್ಟ ಹಾಗಾಯಿತು.

ಮಗಳು ಅವಳ ಕೈ ಹಿಡಿದು ಹಣೆಗೊತ್ತಿಕೊಂಡಳು. ಅದು ಇನ್ನೂ ಕಹಿ.

ಬುಟ್ಟಿ ತೆರೆದು ಬೆಕ್ಕನ್ನು ಬಿಟ್ಟರು. ಶಂಕರಪ್ಪ ಕೈ ಹಿಂದೆ ಕಟ್ಟಿಕೊಂಡು ಅದರ ಹಿಂದೆ ಹಿಂದೆ ನಡೆದ. ಎಡಗಡೆ ಗುಲಾಬಿ, ಮುಂದೆ ಅರೇಕಾ ಪಾಮ್ ಅಂತ ವಿವರಿಸುತ್ತಾ ಹೋದ. ಬೆಕ್ಕು ಒಂದನ್ನೂ ಮೂಸಲಿಲ್ಲ. ಗರಿಕೆಯ ಬುಟ್ಟಿಯ ಹತ್ತಿರ ನಿಂತು ನಾಲ್ಕು ಬಾಯಿ ಹರಿದು ತಿಂದಿತು. "ಪಾಸ್!" ಅಂದ ಶಂಕರಪ್ಪ. ಬೆಕ್ಕು ಅಲ್ಲಿಂದ ಸೀದಾ ಮನೆಯೊಳಗೆ ಹೋಗಿ, ಹಜಾರ ದಾಟಿ, ಅಡುಗೆಮನೆ ದಾಟಿ, ಹಿಂದಿನ ಬಚ್ಚಲಿನ ಬಾಗಿಲ ಮುಂದೆ ಕೂತು ಕೂಗತೊಡಗಿತು.

ಬಾಗಿಲು ತೆರೆದಿದ್ದರೆ ಬೆಕ್ಕಿಗೆ ಒಳಗಿನ ಗೊಡವೆಯೇ ಇರುವುದಿಲ್ಲ. ಮುಚ್ಚಿದ್ದರೆ ಅದಕ್ಕೆ ಒಳಗೇ ಬದುಕೆಲ್ಲ.

"ಅಲ್ಲೇನಿದೆ ಅನ್ನಯ್ಯಗಾರೂ?" ಕೇಳಿದಳು ಹಿಮಬಿಂದು.

"ನಲ್ಲಿ ರಿಪೇರಿ," ಅಂದ ಶಂಕರಪ್ಪ. "ಪಾಚಿ ಕಟ್ಟಿದೆ, ಜಾರುತ್ತೆ. ಬನ್ನಿ, ಊಟ ಮಾಡೋಣ."

ಬ್ಯಾಂಕಿನ ಇನ್‌ಸ್ಪೆಕ್ಟರಿಗೆ ಊಟ ಆದ ಮೇಲೆ ನಿದ್ದೆ ಬರುತ್ತಿತ್ತು. ಬೀಗ್ತಿಗೆ ಕೈತೊಳೆಯಬೇಕಾಯಿತು. ಮುಂದಿನ ಬಚ್ಚಲಲ್ಲಿ ಲಾವಣ್ಯಾ ಇದ್ದಳು. ಹಿಮಬಿಂದು ಹಿಂದಕ್ಕೆ ಹೋಗಿ ಚಿಲಕ ತೆಗೆದಳು. ಅವಳ ಕಾಲಿನ ನಡುವೆಯೇ ಬೆಕ್ಕು ಒಳಗೆ ನುಗ್ಗಿತು.

"ವದಿನಗಾರೂ! ಇಲ್ಲಿ ಬನ್ನಿ!"

ಎಲ್ಲರೂ ಓಡಿದರು. ಬೆಕ್ಕು ಕಣಗಿಲೆಯ ಕುಂಡದ ನಡುವೆ ಕೂತಿತ್ತು. ಕಾಂಡದ ಬುಡದ ಮಣ್ಣು ಕೆದರಿ, ಕಣ್ಣು ಅರ್ಧ ಮುಚ್ಚಿ, ಹಿಂಬದಿ ಬಗ್ಗಿಸಿ, ತನ್ನ ಕೆಲಸ ಮುಗಿಸುತ್ತಿತ್ತು. ಕೆಳಗೆ ಒಂದು ಎಲೆ ಬಿದ್ದಿತ್ತು. ಎಲೆಯ ತುದಿ ಹರಿದಿತ್ತು.

ಬಾಗಿಲಲ್ಲಿ ನಿಂತ ಲಾವಣ್ಯಾ ಗಿಡ ನೋಡಿದಳು, ಎಲೆ ನೋಡಿದಳು, ಆಮೇಲೆ ತಾಯಿಯನ್ನು ನೋಡಿದಳು. ಅಷ್ಟರಲ್ಲಿ ಬೆಕ್ಕು ಕುಂಡದಿಂದ ಇಳಿದು, ಮೈಯೆಲ್ಲ ಹಿಂಡಿಕೊಂಡು, ನೆಲದ ಮೇಲೆ ವಾಂತಿ ಮಾಡಿತು.

 ಬೆಕ್ಕನ್ನು ಟವೆಲಿನಲ್ಲಿ ಸುತ್ತಿದರು. ವಾಂತಿಯನ್ನೂ ಹರಿದ ಎಲೆಯನ್ನೂ ಮಂಗಳಾಗೌರಿ ಬೇರೆ ಬೇರೆ ಡಬ್ಬಿಗೆ ಹಾಕಿಕೊಂಡಳು. ಕಾರಿನಲ್ಲಿ ಪಶುವೈದ್ಯರ ಹತ್ತಿರ ಓಡಿದರು. ವೈದ್ಯರು ಬೆಕ್ಕಿನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಡಬ್ಬಿ ತೆರೆದು ನೋಡಿ, ಇದು ಬರೀ ಹುಲ್ಲು, ಗರಿಕೆ ತಿಂದರೆ ಬೆಕ್ಕು ಕಕ್ಕುವುದು ಸಹಜ ಅಂದರು. ಆದರೆ ಹರಿದ ಎಲೆಯ ಚೂರು ಎಲ್ಲಿ ಹೋಯಿತು ಅಂತ ತಿಳಿಯದೆ ಏನೂ ಹೇಳುವ ಹಾಗಿಲ್ಲ, ಸಂಜೆಯವರೆಗೆ ಇಲ್ಲೇ ಇರಲಿ ಅಂದರು.

ಹೊರಗೆ ಬೆಂಚಿನ ಮೇಲೆ ತಾಯಿ ಮಗಳು ಕೂತರು. ಶಂಕರಪ್ಪ ರಸ್ತೆಯ ಆಚೆ ನಿಂತು ಬಸ್ಸುಗಳನ್ನು ನೋಡುತ್ತಿದ್ದ. ಯಾವ ಬಸ್ಸಿಗೂ ಅವನು ಹೋಗಬೇಕಾಗಿರಲಿಲ್ಲ.

"ತಪ್ಪಾಯ್ತವ್ವ," ಅಂದಳು ಮಂಗಳಾಗೌರಿ. "ಆ ಗಿಡ ಕೊಡೋಕೆ ಕೈ ಬರಲಿಲ್ಲ."

"ಕೈ ಬರಲಿಲ್ಲ ಅಂತ ಹೇಳಬಹುದಿತ್ತು. ಇಟ್ಟುಕೊಂಡದ್ದಕ್ಕೆ ನನಗೆ ಕೋಪ ಇಲ್ಲಮ್ಮಾ. ಕೊಟ್ಟುಬಿಟ್ಟೆ ಅಂದ್ಯಲ್ಲ, ಮುಖ ನೋಡಿಕೊಂಡು." ಲಾವಣ್ಯಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ನಾಳೆ ಮಗು ಹುಟ್ಟುತ್ತೆ. ಅದಕ್ಕೆ ಏನಾದರೂ ತೇದು ಕುಡಿಸಿದ್ಯಾ ಅಂತ ನಾನು ಕೇಳ್ತೀನಿ. ಆಗಲೂ ಹೀಗೇ ಹೇಳ್ತೀಯಾ? ಅತ್ತೆ ಜೊತೇನೇ ವಾಪಸ್ ಹೋಗ್ತೀನಿ, ಬಿಡು."

ಮಂಗಳಾಗೌರಿಗೆ ಈ ಮಾತು ನಾಟಿತು. ಯಾಕೆಂದರೆ ಬಜೆ, ಮಾಚಿಕಾಯಿ, ಉತ್ತತ್ತಿ, ತೇಯುವ ಕಲ್ಲು, ಎಲ್ಲ ಆಗಲೇ ಊರಿಂದ ತರಿಸಿ, ಅಕ್ಕಿ ಡಬ್ಬಿಯ ಹಿಂದೆ ಇಟ್ಟಾಗಿತ್ತು. ಡಾಕ್ಟರು ಬೇಡ ಅಂತಾರೆ, ಮಗಳೂ ಬೇಡ ಅಂತಾಳೆ, ಮಗಳು ಸ್ನಾನಕ್ಕೆ ಹೋದಾಗ ಒಂದು ಒಳಲೆ ಹಾಕಿದರಾಯಿತು ಅಂತ ಅವಳು ಲೆಕ್ಕ ಹಾಕಿದ್ದು ನಿಜ. ಯಾರಿಗೂ ಕಾಣಲ್ಲ ಅಂತ ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕು ಅಂತಾರೆ. ಆ ಬೆಕ್ಕು ಒಳಗೆ ಮೇಜಿನ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿತ್ತು.

ಸಂಜೆಗೆ ಬೆಕ್ಕು ಎದ್ದು, ವೈದ್ಯರ ಕೈಗೆ ಒಂದು ಸಲ ಪರಚಿ, ಚೆನ್ನಾಗಿದ್ದೇನೆ ಅಂತ ತಿಳಿಸಿತು. ಎಲೆಯ ಚೂರು ಬಚ್ಚಲಿನ ಜಾಲರಿಯಲ್ಲೇ ಸಿಕ್ಕಿಕೊಂಡಿದೆ ಅಂತ ಮನೆಯಲ್ಲಿದ್ದ ಹಿಮಬಿಂದು ಹುಡುಕಿ ಫೋನ್ ಮಾಡಿದಳು. ಪ್ರಾಣ ಉಳಿಯಿತು. ಆದರೆ ಮನೆಗೆ ಬಂದ ಲಾವಣ್ಯಾ ಪೆಟ್ಟಿಗೆ ಬಿಚ್ಚಲಿಲ್ಲ. ಬೆಳಗ್ಗೆ ತಿಂಡಿ ಆದ ಮೇಲೆ ಹೊರಡುವುದು ಅಂತ ಮಾತಾಯಿತು.

ಬೆಳಗ್ಗೆ ಮಂಗಳಾಗೌರಿ ಗಂಡನನ್ನು ಕರೆಯಲಿಲ್ಲ. ಆಟೋದವನನ್ನು ಕೂಗಿ, ಅವನ ಕೈಯಲ್ಲಿ ಕಣಗಿಲೆಯ ಕುಂಡ ಎತ್ತಿಸಿದಳು. ಕಡ್ಡಿ ಮುರಿದುಕೊಳ್ಳಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು. ಹೆದ್ದಾರಿಯ ಪಕ್ಕದ ಶಿವನ ಗುಡಿಗೆ ಹೋಗಿ, ಪೂಜಾರಿಯನ್ನು ಕೇಳಿ, ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿಸಿ, ಗಿಡ ನೆಟ್ಟು, ಎರಡು ಕೊಡ ನೀರು ಹಾಕಿ ಬಂದಳು.

ಮನೆಗೆ ಬಂದವಳೇ ಕೈಗಂಟಿದ ಮಣ್ಣು ಕೂಡ ತೊಳೆಯದೆ ಅಕ್ಕಿ ಡಬ್ಬಿ ಸರಿಸಿ, ಆ ಗಂಟನ್ನು ತಂದು ಮಗಳ ಮುಂದೆ ಇಟ್ಟಳು.

"ಇದು ಬಜೆ. ಇದು ಮಾಚಿಕಾಯಿ. ನೀನು ಕೇಳಿದ್ಯಲ್ಲ ನಿನ್ನೆ. ಕುಡಿಸಬೇಕು ಅಂತಲೇ ಇಟ್ಟಿದ್ದೆ, ನಿನಗೆ ಹೇಳದೇ. ತಗೋ, ಬಿಸಾಡು. ಕಣಗಿಲೆ ಗುಡೀಲಿ ಐತೆ, ಹೋಗಿ ನೋಡಿಕೊಂಡು ಬಾ. ನನ್ನ ಹತ್ರ ಇನ್ನೇನೂ ಮುಚ್ಚಿಟ್ಟಿದ್ದಿಲ್ಲ. ಅಪ್ಪಾಜಿ ಹತ್ರ ಏನೈತೋ ಅವರನ್ನೇ ಕೇಳು."

ಎಲ್ಲರೂ ಶಂಕರಪ್ಪನ ಕಡೆ ತಿರುಗಿದರು. ಅವನು ಪೇಪರ್ ಮಡಚಿ, ಎದ್ದು ಹೋಗಿ, ಮಂಚದ ಕೆಳಗಿಂದ ಪಿಂಗಾಣಿ ಕುಂಡ ಎಳೆದು ತಂದ. ಬಚ್ಚಲಿನ ಗಡಿಬಿಡಿಯಲ್ಲಿ ಮಗಳ ಕಣ್ಣಿಗೆ ಬೀಳದ ಮನಿ ಪ್ಲಾಂಟು ರಾತ್ರಿಯೇ ಅಲ್ಲಿಗೆ ವರ್ಗವಾಗಿತ್ತು.

"ಅಯ್ಯೋ ಅನ್ನಯ್ಯಗಾರೂ," ಅಂದಳು ಹಿಮಬಿಂದು, ನಗು ತಡೆಯಲಾರದೆ. ಅವಳಾದ ಮೇಲೆ ಲಾವಣ್ಯಾಳಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಗಂಟನ್ನು ತಾನೇ ಕಟ್ಟುತ್ತಾ ಕೇಳಿದಳು:

"ಅಮ್ಮಾ, ಪುಳಿಹೋರನ ಕಕ್ಕಸಿನ ಮಣ್ಣಿನ ಟ್ರೇ ಎಲ್ಲಿಡೋಣ? ಬಸುರಿ ಅದನ್ನ ಮುಟ್ಟಬಾರದು ಅಂತ ಡಾಕ್ಟರು ಅಂದಿದಾರೆ. ದಿನಾ ಅಪ್ಪಾಜಿ ತೆಗೀಬೇಕು."

ಹಿಮಬಿಂದು ಒಬ್ಬಳೇ ಕಾರಿನಲ್ಲಿ ವಾಪಸ್ಸು ಹೊರಟಳು. ಮನಿ ಪ್ಲಾಂಟು ಶಂಕರಪ್ಪನ ಹಳೆಯ ಶಾಖೆಗೆ ಹೋಯಿತು. ಪಿಂಚಣಿಯ ನೆಪ ಹೇಳಿಕೊಂಡು ಅವನು ಆಗಾಗ ಹೋಗಿ ಅದನ್ನು ನೋಡಿ ಬರುತ್ತಾನೆ.

ಮಗು ಹುಟ್ಟಿತು, ಹೆಣ್ಣು. ಬಾಣಂತನ ತವರಲ್ಲೇ ನಡೆಯಿತು. ಬೆಕ್ಕು ಮಾತ್ರ ಆ ತೋಟಕ್ಕೆ ಮತ್ತೆ ಕಾಲಿಡಲಿಲ್ಲ. ಹಿಮಬಿಂದು ಕೊಟ್ಟ ಪ್ಲಾಸ್ಟಿಕ್ ಮಲ್ಲಿಗೆ ಮಾಲೆಯ ಮೇಲೆ ಇಡೀ ದಿನ ಮಲಗಿರುತ್ತದೆ.

ಮಂಗಳಾಗೌರಿ ಬೆಳಗ್ಗೆ ಎದ್ದು, ಬಾಣಂತಿಗೆ ನೀರು ಕಾಯಿಸಲು ಇಟ್ಟು, ಗುಡಿಗೆ ಹೋಗುತ್ತಾಳೆ. ಗುಡಿಯ ಕಣಗಿಲೆ, ಇಲ್ಲಿನವರ ಬಾಯಲ್ಲಿ ಗನ್ನೇರು, ಈಗ ಊರಿಗೆಲ್ಲ ಸೇರಿದ್ದು. ಹೂವಿಗೆ ಸಾಲು ನಿಲ್ಲುತ್ತಾರೆ. ಹಳೆಯ ಪೂಜಾರಿ ಊರಿಗೆ ಹೋದ ಮೇಲೆ ಹೊಸದಾಗಿ ಬಂದವರು ಬಿಗಿ. ಒಬ್ಬರಿಗೆ ಎರಡೇ ಹೂವು.

"ಅಮ್ಮಾ, ನೀವು ಒಂದು ದಿನವೂ ತಪ್ಪಿಸೋದಿಲ್ಲ," ಅಂದರು ಅವರು ಮೊನ್ನೆ, ಎರಡು ಹೂವು ಎಣಿಸಿ ಕೊಡುತ್ತಾ. "ಈ ವಯಸ್ಸಿನಲ್ಲಿ ದಿನಾ ಬರೋದಕ್ಕಿಂತ ಮನೆಯಲ್ಲೇ ಒಂದು ಗನ್ನೇರು ಹಾಕ್ಕೋಬಾರದಾ? ಏನೂ ಕಷ್ಟ ಇಲ್ಲ. ಒಂದು ಕಡ್ಡಿ ಮುರಿದು ನೆಟ್ಟರೆ ಸಾಕು, ತಾನಾಗಿ ಬರುತ್ತೆ."

"ಹೌದಾ ಪಂತುಲುಗಾರೂ," ಅಂದಳು ಮಂಗಳಾಗೌರಿ, ಹೂವನ್ನು ಸೆರಗಿಗೆ ಹಾಕಿಕೊಳ್ಳುತ್ತಾ. "ಮನೇಲಿ ಬೆಕ್ಕು ಐತೆ."

ಪೂಜಾರಿಗೆ ಅದು ಅರ್ಥವಾಗಲಿಲ್ಲ. ಸಾಲಿನಲ್ಲಿ ಹಿಂದಿದ್ದವರು, ಜರಗಂಡಿ ಅಮ್ಮಾ, ಜರಗಂಡಿ ಅಂದರು. ಅವಳು ಸರಿದು ದಾರಿ ಬಿಟ್ಟಳು.